ಕ್ಲೀನ್ ಶೀಟ್, ಕೊಳೆ ಅಂಗಿ

ಸ್ಕೆಲ್‌ಬ್ರಿಜ್ ಟೌನ್ ತಂಡ ನಾಲ್ಕನೇ ದರ್ಜೆಯ ಲೀಗ್ ಗೆದ್ದ ವರ್ಷ ಊರಿನಲ್ಲಿ ಅತಿ ಹೆಚ್ಚು ಸುಳ್ಳು ಹೇಳಿದವಳು ನೋರಾ ಹೆಪ್‌ವರ್ತ್. ಅದಕ್ಕೆ ಹಿಂದಿನ ಐವತ್ತಾರು ವರ್ಷಗಳಲ್ಲಿ ಅವಳು ಹೇಳಿದ ಸುಳ್ಳುಗಳನ್ನೆಲ್ಲ ಒಂದು ಕರವಸ್ತ್ರದ ಮೂಲೆಯಲ್ಲಿ ಗಂಟು ಕಟ್ಟಿಡಬಹುದಿತ್ತು.

ಹದಿನಾಲ್ಕನೇ ವಯಸ್ಸಿಗೆ ಅವಳು ಉಣ್ಣೆ ಗಿರಣಿ ಸೇರಿದಳು. ಮಗ್ಗದಿಂದ ಇಳಿದ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಪ್ಪಿದ ಎಳೆ ಹುಡುಕಿ, ಸೂಜಿಯಿಂದ ಸರಿಪಡಿಸುವ ಕೆಲಸ. ಇಪ್ಪತ್ತಮೂರು ವರ್ಷ ಇನ್ನೊಬ್ಬರ ತಪ್ಪು ಹುಡುಕುವುದಕ್ಕೇ ಸಂಬಳ ತೆಗೆದುಕೊಂಡ ಹೆಂಗಸು ಒಳ್ಳೆಯ ಹೆಂಡತಿಯಾಗಿಯೂ ಉಳಿದದ್ದು ದೊಡ್ಡ ಮಾತೆಂದು ಅಕ್ಕಪಕ್ಕದವರು ಹೇಳುತ್ತಿದ್ದರು. ಗಂಡ ಕ್ಲಿಫ್‌ನ ಅಭಿಪ್ರಾಯ ಬೇರೆಯಿತ್ತು. ಗಿರಣಿ ಮುಚ್ಚಿದಾಗ ಅವಳಿಗೆ ಸಿಕ್ಕಿದ್ದು ಫುಟ್‌ಬಾಲ್ ಕ್ಲಬ್ಬಿನ ಬಟ್ಟೆ ಒಗೆಯುವ ಕೆಲಸ. ಮರದ ಗ್ಯಾಲರಿಯ ಕೆಳಗೆ ಕಿಟಕಿಯಿಲ್ಲದ ಒಂದು ಕೋಣೆ, ಒಂದು ಹಂಡೆ, ಕೆಮ್ಮುವ ಒಂದು ಯಂತ್ರ. ಹತ್ತೊಂಬತ್ತು ವರ್ಷ ಅಲ್ಲೇ ಕಳೆದಳು. ನೋರಾಳಿಗೆ ಒಗೆದದ್ದು ಮಡಿ, ಮಡಿಸಿದ್ದು ಇನ್ನೂ ಮಡಿ. ಮಡಿಸಿಟ್ಟ ಅಂಗಿಯನ್ನು ತಂಡದ ನಾಯಕನೇ ಮುಟ್ಟಿದರೂ ಅವನ ಕೈಗೆ ಏಟು ಬೀಳುತ್ತಿತ್ತು.

ಆಟದ ಬಗ್ಗೆ ಅವಳಿಗೇನೂ ತಿಳಿಯದು. ಮನೆಯವರೆಲ್ಲ ರಗ್ಬಿ ಮಂದಿ. ಗೋಲು ಬಿಟ್ಟುಕೊಡದ ಆಟಕ್ಕೆ ಫುಟ್‌ಬಾಲಿನವರು ಕ್ಲೀನ್ ಶೀಟ್ ಎನ್ನುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವಾರ, "ಶನಿವಾರ ಕ್ಲೀನ್ ಶೀಟ್ ಬೇಕೇ ಬೇಕು" ಎಂದು ಅಂದಿನ ಮ್ಯಾನೇಜರ್ ಕೂಗಿದ್ದನ್ನು ಕೇಳಿ, ನೋರಾ ಮನೆಯಿಂದ ಎರಡು ಹಾಸಿಗೆ ಶೀಟುಗಳನ್ನು ಒಗೆದು ಇಸ್ತ್ರಿ ಮಾಡಿ ತಂದುಕೊಟ್ಟಿದ್ದಳು.

ಆ ವರ್ಷದ ನವೆಂಬರ್ ಹೊತ್ತಿಗೆ ಟೌನ್ ತಂಡ ಪಟ್ಟಿಯ ತಳದಲ್ಲಿತ್ತು. ಪಟ್ಟದ ಮಾತು ಯಾರೂ ಎತ್ತುತ್ತಿರಲಿಲ್ಲ. ಮುಂದೆ ಆಡುವವರಿಗೆ ಗೋಲಿಲ್ಲದ ಗೋಳು, ಗೋಲು ಕಾಯುವ ಗೋಲುಗಾರ ರೇ ಟಾಪ್‌ಹ್ಯಾಮ್‌ಗೆ ಗೋಲುಗಳದ್ದೇ ಗೋಳು. ರೇ ಆರಡಿ ಎರಡಂಗುಲದ ಆಳು, ವಯಸ್ಸು ಮೂವತ್ತಮೂರು. ಬಲಗಾಲಿನ ಬೂಟು ಮೊದಲು ಹಾಕಬೇಕು, ಮೈದಾನಕ್ಕೆ ಕೊನೆಯವನಾಗಿ ಇಳಿಯಬೇಕು, ಹೀಗೆ ಅವನಿಗೆ ನೂರೆಂಟು ಶಾಸ್ತ್ರಗಳು. ಹಿಂದೊಮ್ಮೆ ಅದೃಷ್ಟದ ಬಾಚಣಿಗೆ ಕಳೆದುಹೋಯಿತೆಂದು ಕಾಲು ನಡುಗಿ, ಒಂದೇ ಮಧ್ಯಾಹ್ನ ಆರು ಗೋಲು ತಿಂದಿದ್ದ.

ಒಂದು ಶನಿವಾರ, ಆಟಕ್ಕೆ ಒಂದು ಗಂಟೆ ಮುಂಚೆ, ರೇಯ ಹಸಿರು ಅಂಗಿ ನೋರಾಳ ಬುಟ್ಟಿಯಲ್ಲಿರಲಿಲ್ಲ. ಹುಡುಕಿದರೆ ಹಂಡೆಯ ಹಿಂದೆ ಬಿದ್ದು, ಹಿಂದಿನ ವಾರದ ಮಣ್ಣೊಣಗಿ ಹಪ್ಪಳವಾಗಿತ್ತು.

"ರೇ, ಚಿನ್ನ, ತಪ್ಪಾಯ್ತು ಕಣೋ. ಇನ್ನೊಂದಿದೆ, ಆದ್ರೆ ತೋಳು ಗಿಡ್ಡ."

"ಇದನ್ನೇ ಕೊಡಮ್ಮ. ಹೇಗಿದ್ರೂ ಮೂರು ಗಂಟೆಗೆ ಎಲ್ಲಾ ಮಣ್ಣಾಗೋದೇ."

ಆ ದಿನ ಒಂದೂ ಗೋಲು ಬೀಳಲಿಲ್ಲ. ಮರುವಾರ ರೇ ನೋರಾಳ ಕೋಣೆಯ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತ.

"ಅಮ್ಮಾ, ನನ್ನ ಅಂಗಿ ಒಗೀಬೇಡ."

"ಎಷ್ಟು ದಿವಸ?"

"ಲೀಗ್ ಮುಗಿಯೋವರ್ಗೂ."

"ಮೇ ತಿಂಗಳವರ್ಗಾ? ಒಗೀಬೇಡ ಅನ್ನೋದಾದ್ರೆ ನಾನ್ಯಾಕೋ ಇಲ್ಲಿರೋದು, ಪಿಯಾನೋ ನುಡ್ಸಕ್ಕಾ?"

ಅವಳು ಮ್ಯಾನೇಜರ್ ಗಿಲ್‌ಕ್ರೈಸ್ಟ್ ಹತ್ತಿರ ದೂರು ಒಯ್ದಳು. ಆಟಗಾರರೆಲ್ಲ ಯಜಮಾನ್ರು ಎನ್ನುತ್ತಿದ್ದ ಆ ಸ್ಕಾಟ್ಲೆಂಡಿನವನು ಪೈಪಿನಿಂದ ಬೂದಿ ತಟ್ಟಿ ಹೇಳಿದ: "ಅವನಿಗೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ, ಮಿಸೆಸ್ ಹೆಪ್‌ವರ್ತ್. ಅವನ ಬುದ್ಧಿ ಇರೋದು ಎರಡು ಕೈಯಲ್ಲಿ, ಮಿಕ್ಕ ಜಾಗ ಎಲ್ಲಾ ನಂಬಿಕೆ. ಆ ಅಂಗಿಗೆ ನೀರು ಸೋಕಿದ್ದು ಗೊತ್ತಾದ್ರೆ ಅವನೂ ಮುಳುಗ್ತಾನೆ, ನಾವೂ ಮುಳುಗ್ತೀವಿ."

ನೋರಾ ಹದಿನೈದು ದಿನ ತಡೆದುಕೊಂಡಳು. ಆಮೇಲೆ ಒಂದು ಸೋಮವಾರ ಅಭ್ಯಾಸ ಮುಗಿಸಿ ಬಂದ ರೇ ಅಂಗಿ ಕಳಚಿ ಮೊಳೆಗೆ ತಗುಲಿಸುವಾಗ ಕಂಕುಳ ಕೆರೆದುಕೊಳ್ಳುತ್ತಿದ್ದುದನ್ನು ಕಂಡಳು. ಅಲ್ಲಿ ಕೆಂಪು ಗುಳ್ಳೆ ಎದ್ದಿತ್ತು. ಇನ್ನೆರಡು ವಾರ ಬಿಟ್ಟರೆ ಈ ಮನುಷ್ಯ ಕೈ ಮೇಲೆತ್ತಲಾರ, ಕೈ ಎತ್ತದ ಗೋಲುಗಾರನಿಗೆ ಊರೇ ಕೈ ಎತ್ತುತ್ತದೆ. ಎಲ್ಲರೂ ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿ ಅಂಗಿಯನ್ನು ನೀರಿಗೆ ಅದ್ದಿದಳು.

ಆದರೆ ಅದ್ದುವ ಮುನ್ನ ಒಂದು ಕೆಲಸ ಮಾಡಿದ್ದಳು. ಸಕ್ಕರೆ ಪೊಟ್ಟಣದ ಹಿಂಬದಿಯಲ್ಲಿ ಅಂಗಿಯ ಚಿತ್ರ ಬರೆದು, ಯಾವ ಕಲೆ ಎಲ್ಲಿದೆ, ಎಷ್ಟು ಅಗಲ, ಯಾವುದು ಮಣ್ಣು, ಯಾವುದು ಹುಲ್ಲು ಎಂದು ಗುರುತು ಮಾಡಿಕೊಂಡಿದ್ದಳು. ಶುಕ್ರವಾರ ಗೋಲುಗಂಬದ ಬುಡದಿಂದ ಜಾಡಿಯಲ್ಲಿ ತಂದ ಕೆಸರನ್ನು ಬೆರಳಿನಿಂದ ಅದೇ ಅದೇ ಜಾಗಕ್ಕೆ ಹಚ್ಚಿ, ಹಂಡೆಯ ಮೇಲೆ ಒಣಗಿಸಿ, ಆಟಗಾರರು ಕಾಲಿಗೆ ತಿಕ್ಕುವ ಎಣ್ಣೆಯನ್ನು ನಾಲ್ಕು ತೊಟ್ಟು ಚಿಮುಕಿಸಿದಳು. ಎಡಮೊಣಕೈಗೆ ಹೆಚ್ಚು, ಬಲಕ್ಕೆ ಕಡಿಮೆ. ರೇ ಎಡಕ್ಕೇ ಜಾಸ್ತಿ ಹಾರುತ್ತಾನೆಂದು ಹತ್ತೊಂಬತ್ತು ವರ್ಷ ಆಟ ನೋಡದ ಹೆಂಗಸಿಗೆ ಅಂಗಿಯೇ ಹೇಳಿಕೊಟ್ಟಿತ್ತು. ಇನ್ನೊಬ್ಬರಿಗೆ ಬರೀ ಕಲೆ, ಅವಳ ಕೈಯಲ್ಲಿ ಅದೊಂದು ಕಲೆಯೇ ಆಯಿತು.

ಪ್ರತಿ ವಾರ ಹೀಗೆಯೇ ನಡೆಯಿತು. ಗುಳ್ಳೆ ಮಾಯವಾಯಿತು. ಅದೂ ಅಂಗಿಯ ಮಹಿಮೆಯೆಂದೇ ರೇ ಲೆಕ್ಕ ಹಿಡಿದ. ಮಿಕ್ಕ ಆಟಗಾರರು ಮೂಗು ಮುಚ್ಚಿಕೊಂಡು "ಥೂ, ಸತ್ತ ಕುರಿ ವಾಸ್ನೆ ಕಣೋ" ಎಂದು ಬೆಂಚಿನ ಆ ತುದಿಗೆ ಸರಿಯುತ್ತಿದ್ದರು. ಅಂಗಿ ಅವರದ್ದಕ್ಕಿಂತ ಶುಭ್ರವಾಗಿತ್ತು, ಆದರೆ ಅವರ ನಂಬಿಕೆ ಮೂಗಿಗಿಂತ ಉದ್ದವಾಗಿತ್ತು.

"ಒಗ್ದಿಲ್ಲ ತಾನೆ?" ರೇ ಪ್ರತಿ ಶನಿವಾರ ಕೇಳುತ್ತಿದ್ದ.

"ಮುಟ್ಟೇ ಇಲ್ಲ" ಎಂದು ನೋರಾ ಪ್ರತಿ ಶನಿವಾರ ಹೇಳುತ್ತಿದ್ದಳು.

ಏಪ್ರಿಲ್ ಮುಗಿಯುವಾಗ ರೇಗೆ ಹದಿನೇಳು ಕ್ಲೀನ್ ಶೀಟ್. ಟೌನ್ ಪಟ್ಟಿಯ ತಲೆಗೇರಿತ್ತು. ಉಳಿದದ್ದು ಒಂದೇ ಆಟ, ತವರಿನಲ್ಲೇ, ಎರಡನೇ ಜಾಗದಲ್ಲಿದ್ದ ಕ್ರಾಸ್‌ಮಿಯರ್ ಮೇಲೆ. ಸಮ ಮಾಡಿಕೊಂಡರೆ ಪಟ್ಟ ಟೌನ್‌ಗೆ, ಸೋತರೆ ಅವರಿಗೆ. ಐವತ್ತೊಂದು ವರ್ಷದಿಂದ ಏನನ್ನೂ ಗೆಲ್ಲದ ಊರು ಅಂಗಡಿ ಕಿಟಕಿಗಳಿಗೆ ಬಿಳಿ ನೀಲಿ ಕಾಗದ ಅಂಟಿಸಿತು. ನೋರಾಳಿಗೆ ಮಾತ್ರ ಊಟ ಸೇರುತ್ತಿರಲಿಲ್ಲ.

"ಈಗ ಗೊತ್ತಾದ್ರೆ ಏನ್ ಗತಿ ಕ್ಲಿಫ್? ಅವನು ಆರು ಗೋಲು ತಿಂತಾನೆ. ಆಮೇಲೆ ನಾನು ಈ ಬೀದೀಲಿ ಓಡಾಡೋ ಹಾಗಿಲ್ಲ."

ಕ್ಲಿಫ್ ತನ್ನ ತೋಟದ ರೂಬಾರ್ಬ್ ದಂಟಿನ ಕಡುಬಿಗೆ ಕಸ್ಟರ್ಡ್ ಸುರಿದುಕೊಳ್ಳುತ್ತ ಹೇಳಿದ: "ಗುಂಡಗಿರೋ ಚೆಂಡನ್ನ ನಂಬಿದ್ರೆ ಹಿಂಗೇ ಆಗೋದು. ನಮ್ಮ ಮೊಟ್ಟೆಯಂಥ ರಗ್ಬಿ ಚೆಂಡು ನೋಡು, ಎತ್ಲಾಗ್ ಪುಟಿಯತ್ತೋ ಅದಕ್ಕೇ ಗೊತ್ತಿಲ್ಲ, ಅದ್ರಿಂದ ಯಾರಿಗೂ ಮೋಸ ಇಲ್ಲ."

ಆ ವಾರ ಎರಡು ಎಡವಟ್ಟುಗಳಾದವು. ಮೂರು ವಾರದಿಂದ ಮಳೆಯಿಲ್ಲದೆ ಗೋಲಿನ ಮುಂದಿನ ನೆಲ ಬಿಸ್ಕತ್ತಿನಂತಾಗಿತ್ತು. ನೋರಾಳ ಚಮಚಕ್ಕೆ ಅದು ಜಗ್ಗಲಿಲ್ಲ. ಕ್ಲಿಫ್‌ನ ರೂಬಾರ್ಬ್ ಪಾತಿಯಿಂದ ಒದ್ದೆ ಮಣ್ಣು ತಂದು ಹಚ್ಚಿದಳು. ಇದು ಅವಳಿಗೆ ಗೊತ್ತಿದ್ದ ಎಡವಟ್ಟು. ಗೊತ್ತಿಲ್ಲದ್ದು ಇನ್ನೊಂದು. ಮೇಯರ್ ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಅಂಗಿಗಳೆಲ್ಲ ಗರಿಗರಿಯಾಗಿರಲಿ ಎಂದು ಯಜಮಾನ್ರ ಅಪ್ಪಣೆಯಾಗಿತ್ತು. ಗುರುವಾರ ನೋರಾ ಸಾಲಾಗಿ ಇಸ್ತ್ರಿ ಹೊಡೆಯುತ್ತ ಹೋದಳು. ಮನಸ್ಸು ಕ್ರಾಸ್‌ಮಿಯರ್ ಮೇಲೆ, ಕೈ ಹತ್ತೊಂಬತ್ತು ವರ್ಷದ ರೂಢಿಯ ಮೇಲೆ. ಬದಲಿ ಆಟಗಾರನದೂ ಸೇರಿ ಹನ್ನೊಂದು ಬಿಳಿ ಅಂಗಿಗಳ ಹಿಂದೆ ಹಸಿರು ಅಂಗಿಯೂ ಇಸ್ತ್ರಿಯ ಕೆಳಗೆ ಹಾದುಹೋಯಿತು. ಶುಕ್ರವಾರ ಮಣ್ಣು ಹಚ್ಚುವಾಗ ಅವಳ ಕಣ್ಣು ಬರೀ ಮಣ್ಣಿನ ಮೇಲಿತ್ತು.

ಶನಿವಾರ ಎರಡೂಕಾಲಿಗೆ ಬನಿಯನ್ ತೊಟ್ಟ ರೇ ಅವಳ ಕೋಣೆಗೆ ಬಂದು ಬಾಗಿಲು ಮುಚ್ಚಿದ. ಅಂಗಿಯನ್ನು ದೀಪಕ್ಕೆ ಹಿಡಿದ. ಮೈಯೆಲ್ಲ ಕೆಸರು. ಆದರೆ ಭುಜದಿಂದ ಮಣಿಕಟ್ಟಿನವರೆಗೆ ಎರಡೂ ತೋಳಿನಲ್ಲಿ ಚಾಕುವಿನಂತಹ ಇಸ್ತ್ರಿ ಗೆರೆ.

ಹಬೆ ಕೊಳವೆಗೆ ತಗುಲಿ ಹಾಗಾಯಿತು ಎನ್ನಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಹಾಳಾದ ಬಟ್ಟೆಯನ್ನು ಬೆಳಕಿಗೆ ಹಿಡಿದು ಎದುರಿಗೆ ನಿಂತವರ ಮುಂದೆ ಸುಳ್ಳು ಹೇಳುವುದು ಗಿರಣಿಯ ಹೆಂಗಸಿಗೆ ಆಗಲಿಲ್ಲ.

"ಒಗ್ದೆ ಕಣಪ್ಪ" ಎಂದಳು.

"ಈ ವಾರನಾ?"

"ಎಲ್ಲಾ ವಾರ. ನವೆಂಬರ್‌ನಿಂದ."

"ಹಾಗಾದ್ರೆ ಈ ಮಣ್ಣು?"

"ನಾನೇ ಹಚ್ತಿದ್ದೆ."

ರೇ ಬಟ್ಟೆ ಬುಟ್ಟಿಯ ಮೇಲೆ ಕೂತುಬಿಟ್ಟ. ಮುಖ ಒಗೆದ ದಿಂಬಿನಂತಾಯಿತು. ಮೇಲೆ ಗ್ಯಾಲರಿಯಲ್ಲಿ ಹನ್ನೊಂದು ಸಾವಿರ ಜನ ಕಾಲು ಕುಟ್ಟುತ್ತಿದ್ದ ಸದ್ದಿಗೆ ಹಂಡೆಯ ಮುಚ್ಚಳ ತಟತಟ ಎನ್ನುತ್ತಿತ್ತು. ಇಷ್ಟರಲ್ಲಿ ಗಿಲ್‌ಕ್ರೈಸ್ಟ್ ಬಾಗಿಲು ತೆರೆದ. ಅಂಗಿ ನೋಡಿದ, ಗೆರೆ ನೋಡಿದ, ನೋರಾಳನ್ನು ನೋಡಿದ. ಪೈಪ್ ಬಾಯಲ್ಲೇ ಆರಿಹೋಯಿತು.

"ಬೇರೆಯವ್ರು ಯಾರಾದ್ರೂ ಹಚ್ಚಿದ್ರಾ?" ರೇ ತಲೆಯೆತ್ತಿ ಕೇಳಿದ.

"ಇಲ್ವಲ್ಲ. ನಾನೊಬ್ಳೇ."

"ಅಂದ್ರೆ ಅದೃಷ್ಟ ಇದ್ದಿದ್ದು ಕೊಳೇಲಲ್ಲ." ರೇ ನಿಧಾನವಾಗಿ, ಬೀಜಗಣಿತ ಬಿಡಿಸುವವನಂತೆ ಹೇಳಿದ. "ಹಚ್ಚೋ ಕೈಯಲ್ಲಿ. ಅಮ್ಮಾ, ಯಾವ ಮಣ್ಣು ಹಚ್ತಿದ್ದೆ?"

"ಗೋಲುಗಂಬದ ಬುಡದ್ದು."

"ಈ ವಾರಾನೂ?"

ನೋರಾ ಏಪ್ರನ್ನಿನ ಅಂಚು ಹಿಂಡಿದಳು. "ಈ ವಾರ... ಕ್ಲಿಫ್‌ದು. ರೂಬಾರ್ಬ್ ಪಾತೀದು."

"ದೇವ್ರೇ!" ರೇ ಎದ್ದುನಿಂತು ತಲೆಯನ್ನು ಸೂರಿಗೆ ಹೊಡೆದುಕೊಂಡ. "ಯಜಮಾನ್ರೇ, ಈ ಮಣ್ಣಲ್ಲಿ ನಾನು ಇಳಿಯಲ್ಲ. ರೂಬಾರ್ಬ್ ಅಂದ್ರೆ ನನಗೆ ಮೊದ್ಲೇ ಆಗ್ಬರಲ್ಲ."

ಗಿಲ್‌ಕ್ರೈಸ್ಟ್ ಗಡಿಯಾರ ನೋಡಿದ. ಎರಡು ಇಪ್ಪತ್ತೆಂಟು. "ಮಿಸೆಸ್ ಹೆಪ್‌ವರ್ತ್, ಒಗೀರಿ. ಹಿಂಡಿ. ಒಣಗ್ಸೋದು ಬೇಡ."

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆಟದ ದಿನ ನೋರಾ ಮೈದಾನಕ್ಕೆ ಇಳಿದಳು. ಏಪ್ರನ್ನಿನಲ್ಲಿ, ಕಾಲಿಗೆ ಮನೆಯ ಚಪ್ಪಲಿ. ಒಂದು ಕೈಯಲ್ಲಿ ಒದ್ದೆ ಅಂಗಿ, ಇನ್ನೊಂದರಲ್ಲಿ ಟೀ ಕೋಣೆಯ ದೊಡ್ಡ ಕೆಟಲ್. ಗೋಲಿನ ಮುಂದೆ ಮೊಣಕಾಲೂರಿ ನೀರು ಸುರಿದು, ಬಿಸ್ಕತ್ತಿನಂತಹ ನೆಲವನ್ನು ಉಗುರಿನಿಂದ ಕೆದಕಿ ಕಲಸತೊಡಗಿದಳು. ಗೋಲುಗಂಬದ ಹಿಂದಿನ ಮೆಟ್ಟಿಲುಗಳಲ್ಲಿ ನಿಂತಿದ್ದವರು ಬಗ್ಗಿ ನೋಡಿದರು.

"ಏ ನೋರಾ! ಟೀ ಅಲ್ಲೇ ಕಾಸ್ತೀಯೇನೇ?"

"ಆಲೂಗಡ್ಡೆ ನೆಡ್ತಿದಾಳೆ ಕಣ್ರೋ, ಹತ್ತು ನಿಮಿಷ ತಡೀರಿ!"

"ನಮ್ಮನೆ ಪರದೇನೂ ಎರಡಿದೆ, ಕೊಳೆ ಮಾಡ್ಕೊಡ್ತೀಯಾ?"

ಅವಳು ತಲೆಯೆತ್ತಲಿಲ್ಲ. ಸಕ್ಕರೆ ಪೊಟ್ಟಣ ಮನೆಯಲ್ಲಿತ್ತು. ಕಲೆಗಳನ್ನೆಲ್ಲ ನೆನಪಿನಿಂದಲೇ ಹಚ್ಚಿದಳು. ಎಡಮೊಣಕೈಗೆ ಅಂಗೈಯಗಲ, ಸೊಂಟದ ಪಕ್ಕ ಬಾದಾಮಿಯಾಕಾರ, ಬೆನ್ನಿಗೆ ಮೂರು ಬೆರಳು. ಎಲ್ಲರ ಹಿಂದೆ ಮೈದಾನಕ್ಕಿಳಿದ ರೇ ಅವಳ ಪಕ್ಕ ನಿಂತು ಶಾಲೆಯ ಮಕ್ಕಳಂತೆ ಕೈ ಚಾಚಿ ಕಾಯುತ್ತಿದ್ದ. ಒಗೆದ ಗುಟ್ಟು ಅಷ್ಟರಲ್ಲಿ ಆಟಗಾರರ ಬಾಯಿಂದ ಹೊರಬಿದ್ದು, ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಬ್ಬಿ ಮೈದಾನ ಸುತ್ತಿ ಬಂದಿತ್ತು. ಅವನ ತಲೆ ಅಂಗಿಯೊಳಗೆ ಹೊಕ್ಕಾಗ ಹನ್ನೊಂದು ಸಾವಿರ ಜನ ಗೋಲು ಹೊಡೆದಂತೆ ಕೂಗಿದರು.

ನೋರಾ ವಾಪಸ್ ಹೋಗಲು ಎದ್ದಳು. "ಹೋಗ್ಬೇಡ" ಎಂದ ರೇ. ಹಾಗಾಗಿ ಅವಳು ಗೋಲಿನ ಬಲೆಯ ಹಿಂದೆ, ಕೆಟಲ್ ಮಗುಚಿ ಅದರ ಪಕ್ಕ ಹುಲ್ಲಿನ ಮೇಲೆ ಕೂತು, ಜೀವಮಾನದಲ್ಲಿ ಮೊದಲ ಸಲ ಒಂದು ಫುಟ್‌ಬಾಲ್ ಆಟ ನೋಡಿದಳು. ಅರ್ಧ ಹೊತ್ತು ಕಣ್ಣು ಮುಚ್ಚಿದ್ದರಿಂದ ಅರ್ಧ ಆಟ ನೋಡಿದಳು ಎನ್ನಬೇಕು.

ಹನ್ನೊಂದನೇ ನಿಮಿಷಕ್ಕೇ ಕ್ರಾಸ್‌ಮಿಯರ್‌ನವರ ಹೊಡೆತವೊಂದು ರೇಯ ಬೆರಳು ಸವರಿ ಒಳಗೆ ಹೋಯಿತು. ಅವನು ಬಲೆಯಿಂದ ಚೆಂಡು ತೆಗೆಯಲು ತಿರುಗಿದಾಗ ನೋರಾಳ ಮುಖ ಎದುರಿಗಿತ್ತು. ಸುಣ್ಣ ಬಳಿದಂತಿತ್ತು.

"ಎಲ್ಲಿ ತಪ್ತು?" ರೇ ಕೇಳಿದ.

"ಬೆನ್ನಿಗೆ ನಾಲ್ಕು ಬೆರಳು ಹಚ್ಬೇಕಿತ್ತು" ಎಂದಳು ನೋರಾ. ನಿಜಕ್ಕೂ ನೆನಪಾಗಿ ಹೇಳಿದಳೋ, ಅವನ ಕಾಲು ನಡುಗದಿರಲೆಂದು ಹೇಳಿದಳೋ ಅವಳಿಗೇ ಆಮೇಲೆ ಸ್ಪಷ್ಟವಿರಲಿಲ್ಲ. ರೇ ಬೆನ್ನು ತಿರುಗಿಸಿ ಬಲೆಗೆ ಒರಗಿದ. ಅವಳು ಬಲೆಯ ಕಣ್ಣಿನೊಳಗಿಂದ ಕೈ ತೂರಿಸಿ, ಒದ್ದೆ ಕೆಸರಿನ ನಾಲ್ಕನೇ ಬೆರಳನ್ನು ಎಳೆದಳು.

ವಿರಾಮಕ್ಕೆ ಮುಂಚೆ ಟೌನ್ ಒಂದು ಗೋಲು ಹೊಡೆದು ಸಮ ಮಾಡಿತು. ಆಮೇಲೆ ನಲವತ್ತೈದು ನಿಮಿಷ ಕ್ರಾಸ್‌ಮಿಯರ್‌ನವರು ಒದ್ದದ್ದೇ ಒದ್ದದ್ದು, ರೇ ಹಿಡಿದದ್ದೇ ಹಿಡಿದದ್ದು. ಕೊನೆಯದೊಂದು ಚೆಂಡನ್ನು, ಅದೂ ಅವನಿಗೆ ಅಷ್ಟಾಗಿ ಆಗದ ಬಲಗಡೆಗೆ ಬಂದದ್ದನ್ನು, ಉದ್ದುದ್ದ ಮಲಗಿ ಹೊರಗೆ ತಳ್ಳಿದ. ಸೀಟಿ ಮೊಳಗಿತು. ಒಂದಕ್ಕೊಂದು. ಐವತ್ತೊಂದು ವರ್ಷದ ಮೇಲೆ ಸ್ಕೆಲ್‌ಬ್ರಿಜ್‌ಗೆ ಪಟ್ಟ ಸಿಕ್ಕಿತ್ತು, ಕ್ಲೀನ್ ಶೀಟ್ ಮಾತ್ರ ಸಿಗಲಿಲ್ಲ.

ಜನ ಮೈದಾನಕ್ಕೆ ನುಗ್ಗಿದರು. ಅವರ ಹೆಗಲ ಮೇಲಿಂದ ರೇ ಅಂಗಿ ಕಳಚಿ, ತಲೆಯ ಮೇಲೆ ಮೂರು ಸುತ್ತು ಬೀಸಿ, ಗುಂಪಿಗೆ ಒಗೆದ. ಒಗೆಯುವುದೆಂದರೆ ಎಸೆಯುವುದೂ ಹೌದೆಂದು ಧಾರವಾಡದ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆರು ತಿಂಗಳು ಒಗೆಯಬೇಡ ಎಂದವನೇ ಕೊನೆಗೆ ಒಗೆದುಬಿಟ್ಟ. ಅಂಗಿ ಮತ್ತೆ ಇಡಿಯಾಗಿ ಯಾರ ಕಣ್ಣಿಗೂ ಬೀಳಲಿಲ್ಲ.

ಬೀದಿಯಲ್ಲಿ ಓಡಾಡುವ ಹಾಗಿಲ್ಲ ಎಂದು ನೋರಾ ಹೆದರಿದ್ದು ಒಂದು ರೀತಿಯಲ್ಲಿ ನಿಜವಾಯಿತು. ಹತ್ತು ಹೆಜ್ಜೆಗೊಬ್ಬರು ನಿಲ್ಲಿಸಿ ಕೈ ಕುಲುಕುತ್ತಿದ್ದರು. ಜೂನ್‌ನಲ್ಲಿ ಮಾಂಸದಂಗಡಿಗೆ ಹೋದಾಗ ಗಲ್ಲಾದ ಹಿಂದೆ, ಗಾಜಿನ ಚೌಕಟ್ಟಿನಲ್ಲಿ, ಹಸಿರು ತೋಳಿನ ಮುಷ್ಟಿಗಾತ್ರದ ತುಂಡೊಂದು ನೇತಾಡುತ್ತಿತ್ತು. ಅದರ ಮೇಲೆ ಒಣಗಿದ ಮಣ್ಣು.

"ನೋಡಿದ್ಯಾ ನೋರಾ? ಎಡಮೊಣಕೈ!" ಅಂಗಡಿಯ ಆರ್ಥರ್ ಎದೆಯುಬ್ಬಿಸಿ ಹೇಳಿದ. "ಎಷ್ಟು ಕೊಡ್ತೀನಿ ಅಂದ್ರೂ ಕೊಡಲ್ಲ."

ನೋರಾ ಕನ್ನಡಕ ಸರಿಪಡಿಸಿ, ಬಗ್ಗಿ, ಬಹಳ ಹೊತ್ತು ನೋಡಿದಳು.

"ತಣ್ಣೀರಿಗೆ ಒಂದ್ ಹಿಡಿ ಉಪ್ಪು ಹಾಕಿ ನಲವತ್ತು ನಿಮಿಷ ನೆನೆಸಿದ್ರೆ ಪೂರ್ತಿ ಹೋಗತ್ತೆ ಆರ್ಥರ್" ಎಂದಳು. "ಕೊಡು, ನಾಳೆ ತಂದ್ಕೊಡ್ತೀನಿ."

ಆರ್ಥರ್ ಕೈಯಲ್ಲಿದ್ದ ಚಾಕು ಕೆಳಗಿಟ್ಟು, ಸ್ಟೂಲು ಎಳೆದು ಹತ್ತಿ, ಚೌಕಟ್ಟನ್ನು ಇನ್ನೂ ಎರಡು ಅಡಿ ಮೇಲಕ್ಕೆ ತೂಗುಹಾಕಿದ.