ತಲೆಯ ಸೊನ್ನೆ, ಬಾಲದ ಸೊನ್ನೆ

ಕುಂದಾಪುರದ ಒಂದು ಸಣ್ಣ ಇಂಟರ್‌ನೆಟ್ ಆಫೀಸಿನಲ್ಲಿ ನನಗೆ ಎರಡು ಕೆಲಸ. ಸಂಬಳಕ್ಕೆ ಮಾಡುವುದು ಒಂದು: ಮನೆಮನೆಗೆ ಕೊಟ್ಟ ನೆಟ್ ಸಂಪರ್ಕಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ ಬರೆಯುವುದು. ಯಾರೂ ಕೇಳದೆ ಮಾಡುವುದು ಇನ್ನೊಂದು: ಎಲ್ಲರ ಸ್ವರ ತೆಗೆದು ಅಣಕಿಸುವುದು. ನಮ್ಮ ಧಣಿಗಳದ್ದು ಬಹಳ ಸುಲಭ. ಮುಂಬೈಯಲ್ಲಿ ಕ್ಯಾಂಟೀನ್ ನಡೆಸಿ ಬಂದವರು. ಬಾಯಲ್ಲಿ ಎಲೆಯಡಿಕೆ ಇದೆ ಎಂದುಕೊಂಡು ಗಂಟಲೊಳಗಿಂದ ಮಾತಾಡಿ, ಮಾತಿಗೊಂದು ‘ಅಚ್ಛಾ’ ಸೇರಿಸಿದರೆ ಧಣಿಗಳು ತಯಾರು. ನನ್ನ ಸ್ವರವನ್ನೂ ತೆಗೆಯುತ್ತೇನೆ. ಮೂಗಿನಲ್ಲಿ, ಎಲ್ಲ ತಿಳಿದವನ ಹಾಗೆ. ಎಲ್ಲಕ್ಕಿಂತ ಹೆಚ್ಚು ನಗು ಬರುವುದು ಅದಕ್ಕೇ.

ಲೈನ್‌ಮ್ಯಾನ್ ಅಣ್ಣನದ್ದು ಮಾತ್ರ ಕಲಿಯಲು ಸಮಯ ಹಿಡಿಯಿತು. ಅವರು ಕಂಬದ ಮೇಲಿಂದ ಫೋನ್ ಮಾಡಿ ಮನೆಯ ನೆಟ್‌ವರ್ಕ್ ವಿಳಾಸ ಓದುವ ಕ್ರಮವೇ ಬೇರೆ. ಈ ವಿಳಾಸ ಎಂದರೆ ನಾಲ್ಕು ತುಂಡು ಅಂಕಿ, ನಡುನಡುವೆ ಚುಕ್ಕಿ. ಕಡಲ ಗಾಳಿಯಲ್ಲಿ ಫೋನಿನ ಮಾತು ಅರ್ಧ ಹಾರಿಹೋಗುವುದರಿಂದ ನಮ್ಮವರು ಪ್ರತಿ ತುಂಡನ್ನೂ ಮೂರು ಅಂಕಿಯಲ್ಲೇ ಹೇಳುತ್ತಾರೆ. ಐದು ಎನ್ನುವುದಿಲ್ಲ, ‘ಸೊನ್ನೆ ಸೊನ್ನೆ ಐದ್’ ಎನ್ನುತ್ತಾರೆ. ಮೂರು ಕೇಳಿಸದಿದ್ದರೆ ಏನೋ ಬಿಟ್ಟುಹೋಯಿತೆಂದು ಗೊತ್ತಾಗುತ್ತದೆ. ಮನೆಗಳ ನೆಟ್ ಡಬ್ಬಿಯ ಮೇಲೆ ಬರೆಯುವುದೂ ಹಾಗೆಯೇ, ಆಫೀಸಿನ ಕಂಪ್ಯೂಟರಿಗೆ ಹಾಕುವುದೂ ಹಾಗೆಯೇ.

ಹಳೆಯ ಕಂಪ್ಯೂಟರ್ ಇದನ್ನೆಲ್ಲ ಸುಮ್ಮನೆ ನುಂಗುತ್ತಿತ್ತು. ಈ ವರ್ಷ ಹೊಸದು ಬಂತು. ಪೈಥಾನಿನಲ್ಲಿ ಇಂಥ ವಿಳಾಸಗಳಿಗೆಂದೇ ಒಂದು ಲೈಬ್ರರಿ ಇದೆ. ನಾವು ಕೊಟ್ಟ ಅಕ್ಷರಸಾಲನ್ನು ಅದು ನಿಜವಾದ ವಿಳಾಸವಾಗಿ ಮಾಡಿ, ಇದು ಯಾವ ಜಾಲಕ್ಕೆ ಸೇರಿದ್ದು, ಯಾವುದರ ನಂತರ ಯಾವುದು ಎಂದೆಲ್ಲ ಹೇಳುತ್ತದೆ. ಹೊಸ ಕಂಪ್ಯೂಟರಿನಲ್ಲಿ ಅದರ ಹೊಸ ಆವೃತ್ತಿ. ಅದು ನಮ್ಮ 172.016.005.020 ಎಂಬುದನ್ನು ನೋಡಿದ್ದೇ ತಡ, ಒಳಗೆ ಬಿಡಲಿಲ್ಲ. ತಲೆಯಲ್ಲಿ ಸೊನ್ನೆ ಇರಕೂಡದಂತೆ. ಕಾರಣವೂ ಸರಿಯಾದದ್ದೇ: ಹಾಗೆ ಬರೆದ 016ನ್ನು ಕೆಲವು ಪ್ರೋಗ್ರಾಂಗಳು ಹದಿನಾರು ಎಂದು ಓದುತ್ತವೆ, ಎಂಟರ ಲೆಕ್ಕದಲ್ಲಿ ಓದುವ ಕೆಲವು ಹದಿನಾಲ್ಕು ಎನ್ನುತ್ತವೆ. ಊಹೆ ಮಾಡಿ ತಪ್ಪು ಮನೆಗೆ ಹೋಗುವುದಕ್ಕಿಂತ ಬಾಗಿಲಲ್ಲೇ ನಿಲ್ಲಿಸುವುದು ಒಳ್ಳೆಯದು ಎಂದು ಅದರ ವಾದ.

ನಾನು ಕೇಳಬೇಕಲ್ಲ! ಲೈಬ್ರರಿಗೂ ಒಂದು ಸ್ವರ ಕೊಟ್ಟೆ. ದೇವಸ್ಥಾನದ ಬಾಗಿಲಲ್ಲಿ ‘ಅಂಗಿ ತೆಗೆಯಿರಿ’ ಎಂದು ಗದರಿಸುವವರ ಸ್ವರ. “ಸೊನ್ನೆ ತೆಗ್ದ್ ಒಳ್ಗ್ ಬನ್ನಿ!” ಆಫೀಸಿನಲ್ಲಿ ಬಿಲ್ಲು ಬರೆಯುವ ಅಕ್ಕ ನಕ್ಕು ನಕ್ಕು ನೀರು ಕುಡಿಯಬೇಕಾಯಿತು. ಆ ನಗುವಿನ ನಡುವೆಯೇ ಸೊನ್ನೆ ಉದುರಿಸುವ ಒಂದು ಸಾಲು ಬರೆದೆ. ತಲೆಯ ಸೊನ್ನೆ ಮಾತ್ರ ತೆಗೆಯುವ ಆಜ್ಞೆ ಒಂದು, ತಲೆ ಬಾಲ ಎರಡರದ್ದೂ ತೆಗೆಯುವ ಆಜ್ಞೆ ಇನ್ನೊಂದು. ನಾನು ಬರೆದದ್ದು ಎರಡನೆಯದನ್ನು. 007 ಹಾಕಿ ನೋಡಿದೆ, ಏಳು ಬಂತು. 025 ಹಾಕಿದೆ, ಇಪ್ಪತ್ತೈದು ಬಂತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. 020 ಹಾಕಿ ನೋಡುವ ಬುದ್ಧಿ ಬರಲಿಲ್ಲ.

ನಾವುಂದದಲ್ಲಿ ನನ್ನ ಅತ್ತೆಯ ಮನೆ. ಅತ್ತೆ ಎಂದರೆ ಅಪ್ಪಯ್ಯನ ಅಕ್ಕ. ಹತ್ತಿರದ ಶಾಲೆಯಲ್ಲಿ ವರ್ಷ ವರ್ಷವೂ ಅತಿಥಿ ಶಿಕ್ಷಕಿಯಾಗಿದ್ದವರು. ಮಕ್ಕಳು ಕಡಿಮೆಯಾಗಿ, ಶಾಲೆಯವರು ಇನ್ನು ಬೇಡ ಅಂದುಬಿಟ್ಟರು. “ಪಾಠ ಮಾಡ್ದೆ ಕೂತ್ಕಂಬುಕಾತಿಲ್ಲೆ ಮಾಣಿ” ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದರು. ಮುಂಬೈಯಲ್ಲಿ ಹೋಟೆಲು ಮಾಡಿಕೊಂಡಿರುವ ನಮ್ಮ ಕಡೆಯ ಕೆಲವು ಮನೆಗಳವರು ತಮ್ಮ ಮಕ್ಕಳಿಗೆ ವಿಡಿಯೊದಲ್ಲಿ ಕನ್ನಡ ಕಲಿಸುವವರನ್ನು ಹುಡುಕುತ್ತಿದ್ದರು. ಒಂದು ಆದಿತ್ಯವಾರ ಮಧ್ಯಾಹ್ನದ ಮೇಲೆ ಮಾದರಿ ಪಾಠ. ತಂದೆತಾಯಿಗಳು ಕೂತು ನೋಡಿ ತೀರ್ಮಾನ ಮಾಡುವುದೆಂದಾಯಿತು. ಅತ್ತೆಗೆ ಕ್ಯಾಮೆರಾ, ಮೈಕು ಎಲ್ಲ ಹೇಳಿಕೊಟ್ಟವನು ನಾನೇ. ಹಲಗೆ ಕಾಣುವ ಹಾಗೆ ಕುರ್ಚಿ ಎಲ್ಲಿಡಬೇಕೆಂದು ನೆಲಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡಿಯೂ ಬಂದಿದ್ದೆ.

ಅದೇ ಆದಿತ್ಯವಾರ ಯಡ್ತರೆಯ ಒಂದು ಮನೆಯ ಟಿವಿ ಡಬ್ಬಿ ಕೆಟ್ಟು, ನಮ್ಮ ಜಾಲಕ್ಕೆಲ್ಲ ಕಸ ಸುರಿಯತೊಡಗಿತು. ನಾವುಂದದಿಂದ ಯಡ್ತರೆಯ ತನಕ ಒಂದೇ ಸಾಲಿನ ವಿಳಾಸಗಳು. ಅಲ್ಲಿಗೆ ಹೋಗಿದ್ದ ಲೈನ್‌ಮ್ಯಾನ್ ಅಣ್ಣ ಓದಿದರು: ಕೊನೆಯ ತುಂಡು ಸೊನ್ನೆ ಎರ್ಡ್ ಸೊನ್ನೆ. ನಾನು ಆ ವಿಳಾಸ ಹಾಕಿ, ಸಂಪರ್ಕ ಬಂದ್ ಮಾಡುವ ಗುಂಡಿ ಒತ್ತಿದೆ. ಪ್ರೋಗ್ರಾಂ ತಲೆಯ ಸೊನ್ನೆ ಕಿತ್ತಿತು, ಬಾಲದ್ದನ್ನೂ ಕಿತ್ತಿತು. ಉಳಿದದ್ದು ಎರಡು. ಆ ಸಾಲಿನಲ್ಲಿ ಎರಡು ಎಂದರೆ ನಮ್ಮ ಮೊದಲ ಗಿರಾಕಿ, ನಾನೇ ಪುಸಲಾಯಿಸಿ ಸಂಪರ್ಕ ಹಾಕಿಸಿದ ಮನೆ. ಅತ್ತೆಯದ್ದು.

ಧಣಿಗಳು ಬ್ರಹ್ಮಾವರಕ್ಕೆ ಮದುವೆಗೆ ಹೋಗಿದ್ದರು. ನನ್ನ ಮೊಬೈಲು ಒಳಕೋಣೆಯಲ್ಲಿ ಚಾರ್ಜಿಗೆ. ಆಫೀಸಿನ ಫೋನು ಹೊಡೆಯಿತು. ಬಿಲ್ಲಿನ ಅಕ್ಕ ನನ್ನತ್ತ ಕಣ್ಣು ಮಾಡಿದಳು, ನಾನು ಧಣಿಗಳಾಗಿ ಎತ್ತಿದೆ.

“ಅಚ್ಛಾ, ಯಾರ್?”

“ಹ್ವಾಯ್, ನಾವುಂದದಿಂದ. ನೆಟ್ ಇಲ್ಲೆ ಕಾಣಿ. ಮುಂಬೈಯಂಗ್ ಮಕ್ಳೆಲ್ಲ ಬಂದ್ ಕೂತ್ಕಂಡಿದೊ.”

ಅತ್ತೆ. ಸಿಗ್ನಲ್ ಸಿಗುವ ಅಂಗಳದ ತುದಿಗೆ ಓಡಿ ಬಂದಿರಬೇಕು, ಏದುಸಿರು ಕೇಳುತ್ತಿತ್ತು. ಆಗಲೇ ನನ್ನ ಸ್ವರಕ್ಕೆ ಬರಬಹುದಿತ್ತು. ಎದುರಿಗೆ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಬರಲಿಲ್ಲ.

“ಡಬ್ಬಿ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಅಮ್ಮ. ನಮ್ ಕಡಿಂದ ಸಬ್ ಠೀಕ್ ಇತ್ತ್.”

“ಮಾಡ್ದೆ ಹ್ವಾಯ್, ಮತ್ತೂ ಮಾಡ್ದೆ. ನಮ್ಮ ಮಾಣಿ ಇಲ್ಯಾ ಅಲ್ಲಿ? ನನ್ ತಮ್ಮನ್ ಮಗ.”

“ಅವ್ನಾ? ಆ ಸೋಂಬೇರಿ ಎಂತ ಮಾಡ್ತ?”

ಅಕ್ಕ ಮೇಜಿನ ಮೇಲೆ ತಲೆಯಿಟ್ಟಳು. ಅತ್ತೆಯ ಸ್ವರ ಸ್ವಲ್ಪ ಗಟ್ಟಿಯಾಯಿತು.

“ಹಾಂಗ್ ಹೇಳ್ಬೇಡಿ. ಬಾಯಿ ಜೋರ್ ಹೌದ್, ಆರೆ ಕೆಲ್ಸದಂಗೆ ಹುಷಾರ್. ಈ ವಯಸ್ಸಂಗೆ ನಂಗೆ ಧೈರ್ಯ ಕೊಟ್ಟದ್ದೇ ಅವ. ನಾ ಫೋನ್ ಮಾಡ್ದೆ ಅಂದ್ಕಂಡ್ ಅವ್ನಿಗೆ ಬೈಬೇಡಿ, ಆಯ್ತಾ?”

“ಅಚ್ಛಾ, ಕಾಂಬ” ಎಂದು ಇಟ್ಟೆ. ನಗು ಬರಲಿಲ್ಲ, ಅಕ್ಕನಿಗೂ. ಅಷ್ಟರಲ್ಲಿ ಲೈನ್‌ಮ್ಯಾನ್ ಅಣ್ಣನ ಕರೆ: “ಹ್ವಾಯ್, ಬಂದ್ ಮಾಡ್ದೆ ಅಂದ್ಯಲೆ? ಇಲ್ಲಿ ಟಿವಿ ಆರಾಮಾಯಿ ಓಡ್ತಿತ್ತ್ ಮಾರಾಯಾ!”

ಬಂದ್ ಮಾಡಿದ ವಿಳಾಸ ತೆರೆದು ನೋಡಿದೆ. ಬಾಲಕ್ಕೆ ಸೊನ್ನೆಯಿಲ್ಲದ ಒಂಟಿ ಎರಡು ಕೂತಿತ್ತು. ಅತ್ತೆಯ ಸಂಪರ್ಕ ತೆರೆದುಕೊಟ್ಟು, ಈ ಸಲ ನನ್ನ ಮೊಬೈಲಿನಿಂದಲೇ ಫೋನ್ ಮಾಡಿದೆ.

“ಈಗ ಬಂತ್ ಮಗಾ” ಎಂದರು ಅತ್ತೆ. “ಅವ್ರೆಲ್ಲ ಎದ್ ಹೋದ್ರ್.”

ಮರುದಿನ ಮುಂಬೈಯವರಿಗೆ ಫೋನ್ ಮಾಡಿದೆ. ನನ್ನದೇ ಸ್ವರದಲ್ಲಿ. ಆಚೆಯವರು ನನಗಿಂತ ಮೊದಲೇ ಶುರು ಮಾಡಿದರು: “ಟೀಚರ್ ಅವ್ರೇ ಫೋನ್ ಮಾಡಿದ್ರಲೆ. ‘ನಂಗೆ ಇದೆಲ್ಲ ಒಗ್ಗುದಿಲ್ಲೆ, ನನ್ನದೇ ಎಂತದೋ ತಪ್ಪಾಯ್ತ್, ನೀವ್ ಬೇರೆಯವ್ರನ್ನ ಕಾಣಿ’ ಅಂದ್ರ್.”

“ಅವ್ರ್ ತಪ್ಪಲ್ಲ. ನನ್ನ ಪ್ರೋಗ್ರಾಂ ಒಂದು ಸೊನ್ನೆ ತಿಂತ್.”

“ಒಂದ್ ಸೊನ್ನೆಗೆ ಇಷ್ಟೆಲ್ಲಾ?” ಎಂದು ಅವರು ನಕ್ಕರು. ನಾನು ‘ಹೌದ್’ ಎಂದೆ. “ಆಯ್ತ್, ಬಪ್ಪು ಆಯ್ತಾರ ಮತ್ತೊಂದ್ಸಲ ಕಾಂಬ.”

ಸಂಜೆ ನಾವುಂದಕ್ಕೆ ಹೋಗಿ ಎಲ್ಲ ಹೇಳಿದೆ. ಸೊನ್ನೆಯ ಕತೆ ಅತ್ತೆಗೆ ತಕ್ಷಣ ಅರ್ಥವಾಯಿತು. ಅವರು ಕೇಳಿದ್ದು ಬೇರೆಯೇ.

“ಹಾಂಗಾರೆ ಸಬ್ ಠೀಕ್ ಅಂದದ್ದ್ ಯಾರ್?”

“ನಾನೇ.”

“ನಾ ಆ ಮಾತೆಲ್ಲ ನಿನ್ ಹತ್ರವೇ ಹೇಳದ್ದಾ” ಎಂದು ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ನಾಚಿಕೆಯಾದದ್ದು ಅವರಿಗೆ! ಬೈದಿದ್ದರೆ ನಾನು ಬೈಗುಳದ ಸ್ವರವನ್ನಾದರೂ ಕಲಿತು ಬರುತ್ತಿದ್ದೆ. ಅವರು ಚಾ ಮಾಡಿಕೊಟ್ಟರು, ಬಿಸ್ಕತ್ತಿನ ತಟ್ಟೆ ಮುಂದಿಟ್ಟರು, ಅಪ್ಪಯ್ಯನ ಮಂಡಿನೋವು ವಿಚಾರಿಸಿದರು. ನಾನು ನೆಂಟನಾಗಿಬಿಟ್ಟಿದ್ದೆ.

ಮುಂದಿನ ಆದಿತ್ಯವಾರ ಬೆಳಿಗ್ಗೆ ಬೈಕು ತೆಗೆದುಕೊಂಡು ಹೋದರೆ ಅತ್ತೆ ಹಲಗೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಹೊರಟು ನಿಂತಿದ್ದರು.

“ಎಲ್ಲಿಗ್ ಅತ್ತೆ?”

“ಬ್ರಹ್ಮಾವರಕ್ಕೆ, ತಂಗಿ ಮನಿಗೆ. ಅಲ್ಲಿ ಬೇರೆ ಕಂಪೆನಿ ನೆಟ್.”

“ನಾನೂ ಬತ್ತೆ. ಕ್ಯಾಮೆರಾ ಕೂರ್ಸಿ ಕೊಡ್ತೆ.”

“ಬ್ಯಾಡ ಮಗಾ. ನಿಂಗೆ ಸುಮ್ನೆ ತೊಂದ್ರೆ.”

ಬಸ್ ಸ್ಟಾಪಿನ ತನಕ ಹಲಗೆ ಹೊತ್ತವನು ನಾನು. ಬಸ್ಸು ಬಂತು, ಹಲಗೆ ಹತ್ತಿಸಿದೆ. ಕಂಡಕ್ಟರ್ ‘ಎಂತ ಅಮ್ಮ, ಬಾಗ್ಲೇ ಕಿತ್ಕಂಡ್ ಬಂದಿರ್ಯಾ?’ ಎಂದದ್ದಕ್ಕೆ ಅತ್ತೆ ನಕ್ಕರು. ಆ ವಾರದಲ್ಲಿ ನಾನು ಕಂಡ ಅವರ ಮೊದಲ ನಗು ಅದು.

ಪಾಠ ಚೆನ್ನಾಗಿ ಆಯಿತಂತೆ, ಮುಂಬೈಯವರು ಒಪ್ಪಿದರಂತೆ. ಅತ್ತೆ ಅಪ್ಪಯ್ಯನಿಗೆ ಫೋನ್ ಮಾಡಿ ಹೇಳಿದರು. ನಾನು ಅಪ್ಪಯ್ಯನ ಪಕ್ಕದಲ್ಲೇ ಕೂತಿದ್ದೆ. ‘ಮಾಣಿ ಇಲ್ಲೇ ಇದ್ದ, ಕೊಡ್ಲಾ?’ ಎಂದು ಅಪ್ಪಯ್ಯ ಕೇಳಿದರು. ಆಚೆಯಿಂದ ಅತ್ತೆ ಏನೋ ಹೇಳಿದರು. ಅಪ್ಪಯ್ಯ ‘ಆಯ್ತ್, ಆಯ್ತ್’ ಎಂದು ಫೋನನ್ನು ಕಿಸೆಗೆ ಹಾಕಿಕೊಂಡರು.