ಹಗ್ಗ ಮುಟ್ಟಿದವರ ಪಾಲು

ನಮ್ಮ ಅಂಗಳದ ಎರಡು ತೆಂಗಿನ ಮರಗಳ ನಡುವೆ ಬಟ್ಟೆ ಒಣಹಾಕಲು ಕಟ್ಟಿರುವ ಹಗ್ಗ ಅಂಗಡಿಯಿಂದ ತಂದದ್ದಲ್ಲ. ಬೈಂದೂರಿನ ಕಡಲತಡಿಯಲ್ಲಿ ಮೂವತ್ತು ವರ್ಷ ನಾನು ಎಳೆದ ಕೈರಂಪಣಿಯ ಹಳೆಯ ಹಗ್ಗದ ತುಂಡು. ದೋಣಿಯಲ್ಲಿ ಒಯ್ದು, ಕಡಲಿಗೆ ಬಳಸಿ ಬಿಟ್ಟು, ದಡದಲ್ಲಿ ಸಾಲಾಗಿ ನಿಂತ ಜನ ಎರಡೂ ತುದಿಯಿಂದ ಎಳೆದು ತರುವ ದೊಡ್ಡ ಬಲೆಗೆ ನಾವು ಕೈರಂಪಣಿ ಎನ್ನುತ್ತೇವೆ. ಇವತ್ತು ಆ ಹಗ್ಗದ ಮೇಲೆ ನನ್ನ ಬಿಳಿ ಅಂಗಿಯೊಂದು ತೂಗಾಡುತ್ತಿದೆ. ಅದನ್ನು ತೊಟ್ಟು ನಾನು ಕಾಲೇಜಿಗೆ ಹೋಗಿದ್ದೆ ಎಂದರೆ ನಗಬೇಡಿ. ಏಳನೆಯ ತರಗತಿಯ ನಡುವಿನಲ್ಲೇ ಶಾಲೆ ಬಿಟ್ಟವನು ನಾನು. ಆದರೆ ದುಡಿಮೆಯಲ್ಲಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ.

ಹೊಟ್ಟೆಕಿಚ್ಚು ವಿಚಿತ್ರವಾದದ್ದು. ದೂರದ ಸಾಹುಕಾರ ಏಳು ಉಪ್ಪರಿಗೆಯ ಮನೆ ಕಟ್ಟಿದರೂ ಅದು ಕದಲುವುದಿಲ್ಲ. ನಮ್ಮದೇ ಬೆಂಚಿನಲ್ಲಿ ಕೂತಿದ್ದವನು ಒಂದು ಮೆಟ್ಟಿಲು ಹತ್ತಿದರೆ ಸಾಕು, ಭಗ್ಗನೆ ಹೊತ್ತಿಕೊಳ್ಳುತ್ತದೆ. ನನ್ನ ಬೆಂಚಿನಲ್ಲಿ ಕೂತಿದ್ದವನು ಶೇಖರ. ಲೆಕ್ಕವನ್ನು ನನ್ನ ಸ್ಲೇಟು ನೋಡಿಯೇ ಬರೆಯುತ್ತಿದ್ದ. ಈಗ ಕುಂದಾಪುರದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಮೇಷ್ಟ್ರು.

ಕಳೆದ ಮಳೆಗಾಲದಲ್ಲಿ, ಕಡಲಿಗಿಳಿಯಲಾಗದ ದಿನಗಳಲ್ಲಿ, ಅವನು ಮೂರು ಭಾನುವಾರ ನಮ್ಮ ಜಗಲಿಯಲ್ಲಿ ಕೂತು, ಬಲೆಯ ವಿಷಯವನ್ನೆಲ್ಲ ಕೇಳಿ ಕೇಳಿ ಬರೆದುಕೊಂಡ. ಊಟಕ್ಕೆ ಕೂತಾಗ ಮಾತ್ರ ಕೈರಂಪಣಿಗೆ ಸದಾ ಬೀಳುವ ಬೈಗೆ ಮೀನನ್ನು ತಟ್ಟೆಯ ಬದಿಗೆ ಸರಿಸಿದ.

"ಎಂತಕ್ ಮಾರಾಯಾ ಇದೆಲ್ಲ?" ಎಂದೆ.

"ಸೈನ್ಸ್, ಕಾಮರ್ಸ್ ಮಕ್ಳೂ ಇನ್ಮೇಲೆ ನಮ್ದೊಂದ್ ಪಾಠ ಓದ್ಕ್ ಅಂತ ಆಯ್ತ್. ಕಡಲತಡಿ ಬದುಕಿನ ಮೇಲೆ ನಾನೊಂದ್ ಪಾಠ ಬರೀತಿದ್ದೆ. ಕಾಲೇಜಿನ ಸಭೆ ಒಪ್ಪಿರೆ ಆಯ್ತ್. ಹ್ವಾಯ್ ಗೋಯಿಂದ, ಸಭೆಗೆ ನೀನೂ ಬರ್ಕ್. ಊರಿನವ್ರ್ ಒಬ್ರ್ ಅದ್ರಗೆ ಇರ್ಕ್ ಅಂಬ್ರ್."

ನೀವೇ ಹೇಳಿ, ಹೇಗೆ ನಿದ್ದೆ ಬಂದೀತು? ಅಂಗೈಯಲ್ಲಿ ಬೊಬ್ಬೆ ಎದ್ದದ್ದು ನನಗೆ, ಪಾಠ ಹೇಳುವವನು ಅವನು. ಆದರೂ ಹೊರಟೆ, ತಪ್ಪು ಹುಡುಕಲೆಂದೇ ಹೊರಟೆ. ಅಂಗಿಗೆ ಇಸ್ತ್ರಿ ಹಾಕಿಕೊಟ್ಟ ಹೆಂಡತಿ ಕಿಸಕ್ಕನೆ ನಕ್ಕಳು: "ಶಾಲಿ ಬಿಟ್ಟವ್ರ್ ಸೀದಾ ಕಾಲೇಜಿಗೇ ಹೊರಟ್ರ್! ಬೀಡಿ ಕಟ್ಟ್ ಮನೆಯಗೇ ಇಟ್ಟ್ ಹೋಯ್ನಿ."

ಸಭೆಯಲ್ಲಿ ಐದು ಜನ. ಪ್ರಾಂಶುಪಾಲರಾದ ಮೇಡಂ, ಶೇಖರ, ಇನ್ನೊಬ್ಬ ಮೇಷ್ಟ್ರು, ಬೇರೆ ಕಾಲೇಜಿನಿಂದ ಬಂದಿದ್ದ ಹಿರಿಯ ಪ್ರೊಫೆಸರು, ನಾನು. ಪ್ರೊಫೆಸರು ಹಾಳೆಗಳನ್ನು ಮಗುಚುತ್ತ, "ಇದು ಪಾಠವೋ ಮೀನುಪೇಟೆಯೋ? ಕಾಮರ್ಸ್ ಓದುವವರಿಗೆ ಇದರಿಂದ ಏನಾಗಬೇಕು?" ಎಂದರು. ಶೇಖರನ ಮುಖ ಬಾಡಿತು. ನನ್ನೊಳಗೆ ಏನೋ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಅಕ್ಷರಕ್ಕೆ ಬೆರಳಿಟ್ಟು ಓದುತ್ತ ಹೋದವನಿಗೆ ಮೂರನೆಯ ಪುಟದಲ್ಲಿ ತಪ್ಪು ಸಿಕ್ಕೇಬಿಟ್ಟಿತು. 'ಮೊದಲಿನಿಂದ ಹಗ್ಗ ಎಳೆದವರಿಗೆ ಪಾಲು. ಕೊನೆಗೆ ಬಂದ ಬಡವರಿಗೆ ದಾನ.' ಇದನ್ನು ನಾನು ಹೇಳಿದ್ದಲ್ಲ. ಅವನು ಕೇಳಿಯೂ ಇರಲಿಲ್ಲ. ಗೊತ್ತಿದೆ ಎಂದುಕೊಂಡು ತಾನೇ ಬರೆದಿದ್ದ.

ಎಲ್ಲಿಂದ ಬರೆದನೆಂಬುದು ಆ ಕ್ಷಣವೇ ನನಗೆ ಹೊಳೆಯಿತು. ಅವನ ತಾಯಿ ಗಂಡ ಸತ್ತ ಮೇಲೆ ನಾಲ್ಕು ಮನೆಯ ಪಾತ್ರೆ ತೊಳೆದು, ಬಲೆ ದಡಕ್ಕೆ ಬರುವ ಹೊತ್ತಿಗೆ ಏದುಸಿರು ಬಿಡುತ್ತ ಓಡಿಬಂದು, ಕಡೆಯ ನಾಲ್ಕು ಎಳೆತಕ್ಕೆ ಕೈ ಹಾಕುತ್ತಿದ್ದಳು. ನಮ್ಮ ದಡದ ಕಟ್ಟಳೆ ಒಂದೇ: ಬಲೆಯ ಹೊಟ್ಟೆ ಮರಳು ಮುಟ್ಟುವ ಮೊದಲು ಯಾರ ಕೈ ಹಗ್ಗ ಮುಟ್ಟಿತೋ ಅವರಿಗೆ ಪಾಲುಂಟು. ಅದೇ ರಾಶಿ, ಅದೇ ಬುಟ್ಟಿ. ದಾನವೆಂಬ ಮಾತೇ ಅಲ್ಲಿರಲಿಲ್ಲ. ಅಬ್ಬೆ ಬೇಡಿ ತಂದ ಮೀನು ತಿಂದು ಬೆಳೆದವನೆಂದೇ ಇವನು ಇಷ್ಟು ವರ್ಷ ತಿಳಿದಿದ್ದಾನೆ! ನಮ್ಮ ಮನೆಯ ತಟ್ಟೆಯಲ್ಲಿ ಬದಿಗೆ ಸರಿದ ಬೈಗೆಯ ಗುಟ್ಟು ಆಗ ಬಿಚ್ಚಿಕೊಂಡಿತು.

ಸುಮ್ಮನಿರೋಣವೆನ್ನಿಸಿತು. ಅವನು ದಾನದಲ್ಲಿ ಬೆಳೆದವನು, ನಾನು ದುಡಿದು ಉಂಡವನು ಎಂಬ ಒಂದು ಹೆಚ್ಚುಗಾರಿಕೆಯಾದರೂ ನನ್ನ ಬಳಿ ಉಳಿಯುತ್ತಿತ್ತಲ್ಲ. ಅವನಿಗೆ ಪದವಿ ಇದೆ, ಪಾಠವಿದೆ, ಸಭೆಯಿದೆ. ನನಗೆ ಇಷ್ಟೂ ಬೇಡವೇ?

"ಗೋವಿಂದಣ್ಣ, ನೀವೇನು ಹೇಳುತ್ತೀರಿ?" ಮೇಡಂ ಕೇಳಿದರು.

ಬಾಯಿ ಹೊಟ್ಟೆಯ ಮಾತು ಕೇಳಲಿಲ್ಲ. "ಮೂರನೇ ಪುಟ ತಪ್ಪಿತ್ತ್, ಮೇಡಂ. ಕಡಿಗೆ ಬಂದವ್ರಿಗ್ ಕೊಡುದ್ ದಾನ ಅಲ್ಲ. ಪಾಲ್."

ಪ್ರೊಫೆಸರು ಕನ್ನಡಕದ ಮೇಲಿಂದ ನೋಡಿದರು. "ಎರಡು ಗಂಟೆ ಎಳೆದವರಿಗೂ ನಾಲ್ಕು ಎಳೆತ ಎಳೆದವರಿಗೂ ಪಾಲೇ? ಅದು ನ್ಯಾಯವೇ?"

"ಕಡೀ ನಾಕ್ ಎಳೆತವೇ ಭಾರ, ಸಾರ್. ಆಗ ಬಲಿ ತುಂಬಿರತ್ತ್. ನ್ಯಾಯವೋ ಅಲ್ದೋ ಕಾಮರ್ಸ್ ಮಕ್ಳೇ ಹೇಳ್ಲಿ. ಪಾಲಿನ ಲೆಕ್ಕ ಕಲೂಕೇ ಅಲ್ದಾ ಅವ್ರ್ ಬಂದದ್?"

ಪ್ರೊಫೆಸರು ಮೊದಲ ಸಲ ನಕ್ಕರು. ಆ ಪುಟವನ್ನು ತಿದ್ದಿ, ಈ ಪ್ರಶ್ನೆಯಿಂದಲೇ ಪಾಠ ಶುರುಮಾಡುವುದಾದರೆ ತನ್ನ ಒಪ್ಪಿಗೆ ಇದೆ ಎಂದರು. ಉಳಿದವರೂ ಸಹಿ ಹಾಕಿದರು. ಕಡೆಯ ಸಹಿ ನನ್ನದು.

ಹೊರಗೆ ಶೇಖರ ನನ್ನ ತೋಳು ಹಿಡಿದ. "ಹೌದಾ ಗೋಯಿಂದ? ನಮ್ಮಬ್ಬೆಗೆ ಸಿಕ್ಕಿದ್ದ್ ಪಾಲಾ?"

"ಪಾಲೇ ಮಾರಾಯಾ. ಬೇಡುಕೆ ಬಂದವ್ಳಲ್ಲ ನಿನ್ನಬ್ಬೆ."

ಅವನು ತಟ್ಟನೆ ತಿರುಗಿ, ಗೋಡೆಯ ನೋಟಿಸ್ ಬೋರ್ಡನ್ನು ಬಹಳ ಹೊತ್ತು ಓದಿದ. ಅದರಲ್ಲಿ ಒಂದು ಹಾಳೆಯೂ ಇರಲಿಲ್ಲ.

ಬಸ್ಸಿನಲ್ಲಿ ಮರಳುವಾಗ ಕಿಚ್ಚು ಆರಿರಲಿಲ್ಲ, ಈಗಲೂ ಆರಿಲ್ಲ. ಪಾಠವೂ ಅವನದಾಯಿತು, ಅಬ್ಬೆಯ ಮರ್ಯಾದೆಯೂ ಅವನಿಗೆ ಸಿಕ್ಕಿತು. ನಾನು ಬಚ್ಚಿಟ್ಟುಕೊಳ್ಳಬಹುದಾಗಿದ್ದ ಒಂದೇ ಹೆಚ್ಚುಗಾರಿಕೆಯನ್ನು ನಾನೇ ಎತ್ತಿ ಕೊಟ್ಟು ಬಂದೆ. ಈ ಭಾನುವಾರ ಊಟಕ್ಕೆ ಬರುತ್ತಾನಂತೆ. ಬೈಗೆಯೇ ಬೇಕಂತೆ.

ಅಂಗಿ ಒಣಗಿದೆ. ತೆಗೆಯಹೋದವನ ಕೈ ಹಗ್ಗದ ಮೇಲೆ ತಡೆಯಿತು. ಇಡೀ ಹಗ್ಗ ನನ್ನ ಕೈಯಿಂದಲೇ ಸವೆದದ್ದು ಎಂದುಕೊಂಡಿದ್ದೆ. ಈ ತುದಿಯ ಗೇಣುದ್ದ ಶೇಖರನ ಅಬ್ಬೆ ಹಿಡಿದದ್ದೂ ಇರಬಹುದು.