ಬಸ್ಸಿನ ಕಿಟಕಿಯಿಂದ ಹೊರಗೆ ಬಿದ್ದ ಹಾಡು

ನಾನು ನಿಂತದ್ದು ಡ್ರೈವರ್ ಸೀಟಿನ ಹಿಂದೆ, ಎಂಜಿನ್ನಿನ ಬಿಸಿ ಮುಚ್ಚಳ ಮೊಣಕಾಲಿಗೆ ತಾಗುವಷ್ಟು ಹತ್ತಿರ. ಎಡಗೈಯಲ್ಲಿ ಕಂಬಿ, ಬಲಗೈಯಲ್ಲಿ ಗೆಳತಿ ರೇವತಿಯ ಚೀಲ. ಶಾಲೆಗೆ ಬೇಸಿಗೆ ರಜೆ ಕೊಟ್ಟ ದಿನದ ಸಂಜೆ. ಕುಂಬಳೆಯಿಂದ ಹೊರಟ ಹಸಿರು ಬಸ್ಸು ನಾಯ್ಕಾಪು ದಾಟಿ ಸೀತಾಂಗೋಳಿಯ ಕಡೆಗೆ ಏರುತ್ತಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಂಗತಿಯನ್ನು ಈಗ ಅವರವರಿಗೆ ತೋಚಿದಂತೆ ಹೇಳುವವರಿದ್ದಾರೆ, ಅವರಲ್ಲಿ ಕೆಲವರು ಆ ದಿನ ಬಸ್ಸಿನಲ್ಲೇ ಇರಲಿಲ್ಲ.

ಬಸ್ಸಿನೊಳಗಿದ್ದ ಎಲ್ಲರೂ ಒಂದೇ ಹಾಡು ಕೇಳುತ್ತಿದ್ದ ಕಾಲ ಅದು. ನಾನಾಗ ಒಂಬತ್ತನೇ ಕ್ಲಾಸು. ಕನ್ಸೆಷನ್ ಟಿಕೇಟಿನ ಶಾಲೆಮಕ್ಕಳು ಸೀಟಿನಲ್ಲಿ ಕೂರುವ ಹಾಗಿರಲಿಲ್ಲ. ಚೀಲಗಳನ್ನೆಲ್ಲ ಎಂಜಿನ್ ಮುಚ್ಚಳದ ಮೇಲೆ ರಾಶಿ ಹಾಕಿ ಸುತ್ತ ನಿಲ್ಲುತ್ತಿದ್ದೆವು. ಬಿಸಿಗೆ ಬುತ್ತಿಡಬ್ಬಿಯಲ್ಲಿ ಉಳಿದ ಮಜ್ಜಿಗೆ, ಉಪ್ಪಿನಕಾಯಿಯ ವಾಸನೆ ಏಳುತ್ತಿತ್ತು. ನಿಂತು ನಿಂತು ಕಾಲು ಸೋತರೂ ನಮಗೆ ಬೇಸರವಿರಲಿಲ್ಲ, ಟೇಪ್ ರೆಕಾರ್ಡರ್ ನಮ್ಮ ಮೂಗಿನ ನೇರಕ್ಕೇ ಇತ್ತು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮೊದಲಿನ ಖರಖರ ಶಬ್ದದಲ್ಲೇ ಮುಂದಿನ ಹಾಡು ಯಾವುದೆಂದು ಹೇಳುವುದು ನಮ್ಮ ಆಟ. ಸೋತವರು ಉಪ್ಪಿನಲ್ಲಿ ಹಾಕಿದ ನೆಲ್ಲಿಕಾಯಿ ಕೊಡಬೇಕು. ಆ ವರ್ಷವಿಡೀ ರೇವತಿ ನೆಲ್ಲಿಕಾಯಿ ಕೊಟ್ಟಳು.

ಡ್ರೈವರ್ ಬಾಲಣ್ಣನ ತಲೆಯ ಮೇಲೆ ಬಿಸ್ಕೂಟಿನ ತಗಡು ಡಬ್ಬಿಯೊಂದನ್ನು ತಂತಿಯಲ್ಲಿ ಬಿಗಿದಿದ್ದರು. ಕ್ಯಾಸೆಟ್ಟುಗಳೆಲ್ಲ ಅದರಲ್ಲಿ. ಹೆಸರು ಯಾರಿಗೂ ಬೇಕಿರಲಿಲ್ಲ. ಮಳೆಗೆ ಕಿಟಕಿಗಳ ಟಾರ್ಪಾಲು ಇಳಿಸಿ ಕತ್ತಲಾದಾಗ ಹಾಕುತ್ತಿದ್ದ ಭಾವಗೀತೆಗಳದ್ದು ‘ಮಳೆ ಕ್ಯಾಸೆಟ್’. ನನ್ನ ಜೀವ ಇದ್ದದ್ದು ಅದರಲ್ಲಿ. ತಾಳಮದ್ದಳೆಯದ್ದು ‘ಮಾಷ್ಟ್ರ ಕ್ಯಾಸೆಟ್’. ನಮ್ಮ ಕನ್ನಡ ಮಾಷ್ಟ್ರು ಇಳಿಯುವ ಸ್ಟಾಪಿಗೆ ಅರ್ಥಗಾರಿಕೆ ಎಂದೂ ಮುಗಿಯುತ್ತಿರಲಿಲ್ಲ. ಒಂದು ಕಾಲು ಮೆಟ್ಟಿಲಲ್ಲಿಟ್ಟು, “ಅವನು ಹೇಳಿದ್ದಕ್ಕೆ ಇವನ ಉತ್ತರ ಎಂತ ಅಂತ ನಾಳೆ ಹೇಳು ಮಾರಾಯ” ಎಂದು ಕಂಡಕ್ಟರ್ ಉಮೇಶಣ್ಣನಿಗೆ ಒಪ್ಪಿಸಿ ಇಳಿಯುತ್ತಿದ್ದರು. ಉಮೇಶಣ್ಣ ಮರುದಿನ ಎಲ್ಲ ತಿರುಚಿ ಹೇಳಿ ಬೈಸಿಕೊಳ್ಳುತ್ತಿದ್ದ. ಅವನ ಇಷ್ಟದ್ದು ಮಲಯಾಳಂ ಪ್ರೇಮಗೀತೆಗಳು. ಕಾಲೇಜಿನ ಹುಡುಗಿಯರು ಹತ್ತಿದರೆ ಅದೊಂದೇ ತಿರುಗಿ ತಿರುಗಿ ಬರುತ್ತಿತ್ತು.

ಇನ್ನೊಂದು ‘ಐಸಮ್ಮನ ಕ್ಯಾಸೆಟ್’. ಐಸಮ್ಮ ದಿನವೂ ಬೆಳಿಗ್ಗೆ ಕಲ್ತಪ್ಪವೆಂಬ ಅಕ್ಕಿಯ ತಿಂಡಿ ಮಾಡಿ ಕುಂಬಳೆಯ ಹೋಟೆಲುಗಳಿಗೆ ಕೊಟ್ಟು, ಸಂಜೆ ಖಾಲಿ ಡಬ್ಬಿಯೊಂದಿಗೆ ಮರಳುತ್ತಿದ್ದಳು. ಬೆಲ್ಲ ಮತ್ತು ಎಣ್ಣೆಯಲ್ಲಿ ಹುರಿದ ಚಿಕ್ಕ ಈರುಳ್ಳಿಯ ಪರಿಮಳ ಅವಳಿಗಿಂತ ಮೊದಲು ಬಸ್ಸು ಹತ್ತುತ್ತಿತ್ತು. ಅವಳ ಒಬ್ಬನೇ ಮಗ ಹಮೀದ್ ಊರಿನ ಹುಡುಗರ ಜೊತೆ ಸೇರಿ ಬ್ಯಾರಿ ಹಾಡುಗಳ ಕ್ಯಾಸೆಟ್ ಮಾಡಿಸಿದ್ದ. ಗಲ್ಫಿಗೆ ಹೋಗುವ ದಿನ ತನ್ನ ಪ್ರತಿಯನ್ನು ಬಾಲಣ್ಣನ ಕೈಯಲ್ಲಿಟ್ಟು, “ಉಮ್ಮನಿಗೆ ಕೇಳಿಸಿ” ಎಂದಿದ್ದನಂತೆ. ಮನೆಯಲ್ಲಿ ಟೇಪ್ ಇರಲಿಲ್ಲ, ರಜೆಯಲ್ಲಿ ಬರುವಾಗ ತರುತ್ತೇನೆಂದು ಮಾತು ಕೊಟ್ಟಿದ್ದ. ಹಾಗಾಗಿ ಆ ತಾಯಿ ಮಗನ ಸ್ವರ ಕೇಳುವುದು ನಮ್ಮ ಬಸ್ಸಿನಲ್ಲಿ ಮಾತ್ರ. ಮೊದಲ ಹಾಡಿನ ನಡುವೆ ಎಲ್ಲರೂ ಸುಮ್ಮನಾಗಿ ಒಬ್ಬನೇ ‘ಓ...’ ಎಂದು ಎತ್ತರಕ್ಕೆ ಎಳೆಯುತ್ತಾನೆ. ಆಗ ಐಸಮ್ಮ ಪಕ್ಕದವರ ಮೊಣಕೈ ತಿವಿದು ಹೇಳುತ್ತಿದ್ದಳು: “ಕೇಳಿತಾ? ನನ್ನ ಮೋನು!”

ಬೇಸಿಗೆ ರಜೆಯಲ್ಲಿ ಬಸ್ಸು ಟೆಸ್ಟಿಗೆ ಹೋಗಿ ಹೊಸ ಬಣ್ಣ ಹೊಡೆಸಿಕೊಂಡು ಬರುತ್ತಿತ್ತು. ಹೊಸ ಕ್ಯಾಸೆಟ್ ತರಬೇಕಾದರೆ ಡಬ್ಬಿಯಲ್ಲಿ ಜಾಗ ಬೇಕಲ್ಲ? ಹಾಗಾಗಿ ವರ್ಷದ ಕ್ಯಾಸೆಟ್ಟುಗಳಲ್ಲಿ ಯಾವುದು ಇರಲಿ, ಯಾವುದು ಹೋಗಲಿ ಎಂದು ಪ್ರಯಾಣಿಕರೇ ತೀರ್ಮಾನಿಸುವ ಪದ್ಧತಿ ಇತ್ತು. ಬಸ್ಸಿನಲ್ಲಿ ಒಂದು ಬೆಲ್ ಅಂದರೆ ನಿಲ್ಲು, ಎರಡು ಅಂದರೆ ಹೊರಡು. ಕ್ಯಾಸೆಟ್ಟಿಗೂ ಅದೇ ಕಾನೂನು. ಉಮೇಶಣ್ಣ ಒಂದೊಂದನ್ನೇ ಎತ್ತಿ ತೋರಿಸುವುದು, ಜನ ‘ಸಿಂಗಲ್’ ಅಥವಾ ‘ಡಬಲ್’ ಎಂದು ಕೂಗುವುದು, ಅವನು ಹಗ್ಗ ಎಳೆಯುವುದು. ಡಬಲ್ ಆದದ್ದು ಡಬ್ಬಿಗೆ, ಸಿಂಗಲ್ ಆದದ್ದು ಹೊರಗೆ.

“ಬಾಲಣ್ಣ, ಇವತ್ತು ಬೆಲ್ಲಿಗೆ ಗಾಡಿ ನಿಲ್ಲಿಸಬೇಡಿ. ಇಳಿಯುವವರು ಬಾಯಲ್ಲಿ ಹೇಳಿ!” ಎಂದು ಆ ಸಂಜೆ ಉಮೇಶಣ್ಣ ಕುಂಬಳೆಯಲ್ಲೇ ಸಾರಿದ್ದ.

ಮಳೆ ಕ್ಯಾಸೆಟ್ಟಿಗೆ ನಾವು ಮಕ್ಕಳು ಗಂಟಲು ಹರಿಯುವಂತೆ ಕೂಗಿದೆವು. ಡಬಲ್. ಮಾಷ್ಟ್ರದ್ದೂ ಡಬಲ್. ಪ್ರೇಮಗೀತೆಗೆ ಮಾತ್ರ ಇಡೀ ಬಸ್ಸು ಒಕ್ಕೊರಲಿನಿಂದ “ಸಿಂಗಲ್!” ಎಂದಿತು. ಬೆಲ್ ಕೇಳಿ ಬಾಲಣ್ಣನ ಕಾಲು ಬ್ರೇಕಿನತ್ತ ಹೋಗಿ ಹಿಂದೆ ಬಂದದ್ದನ್ನು ನಾನು ಕಂಡೆ.

“ಎಂತ ಪಾಪ ಮಾಡಿದ್ದೇನೆ ನಾನು?” ಎಂದ ಉಮೇಶಣ್ಣ.

“ನೀನು ಮಾಡಿಲ್ಲ ಮಾರಾಯ, ನಮ್ಮ ಕಿವಿ ಮಾಡಿದ್ದು” ಎಂದರು ಮಾಷ್ಟ್ರು.

ಐಸಮ್ಮನ ಕ್ಯಾಸೆಟ್ ಆಗ ಟೇಪಿನಲ್ಲಿ ಓಡುತ್ತಿತ್ತು. ಓಡಿ ಓಡಿ ಅದು ಸವೆದು, ಹುಡುಗರ ಸ್ವರ ಮುದುಕರದ್ದಾಗಿತ್ತು. ಅಷ್ಟರಲ್ಲಿ ಅದರ ರೀಲು ರೋಲರಿಗೆ ಸುತ್ತಿಕೊಂಡು ಹಾಡು ನಿಂತೇಹೋಯಿತು. ಉಮೇಶಣ್ಣ ಬಗ್ಗಿ ಕ್ಯಾಸೆಟ್ ಹೊರಗೆ ತೆಗೆದ. ರೀಲಿನ ಒಂದು ಕುಣಿಕೆ ಇನ್ನೂ ಒಳಗೇ ಸಿಕ್ಕಿಕೊಂಡಿತ್ತು. “ಇದರ ಕತೆ ಮುಗಿಯಿತು. ಸಿಂಗಲ್!” ಎಂದರು ಮಾಷ್ಟ್ರು. ಹಿಂದಿನಿಂದ ಇನ್ನೂ ನಾಲ್ಕೈದು ಮಂದಿ ದನಿಗೂಡಿಸಿದರು. ಐಸಮ್ಮ ಮಡಿಲಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಉಮೇಶಣ್ಣನ ಮುಖವನ್ನೇ ನೋಡುತ್ತಿದ್ದಳು.

ಅವನು ಹಗ್ಗ ಎಳೆದ. ಅಷ್ಟು ಹೊತ್ತು ತಡೆದುಕೊಂಡಿದ್ದ ಬಾಲಣ್ಣನ ಕಾಲು ಅಭ್ಯಾಸಬಲದಿಂದ ಬ್ರೇಕ್ ಒತ್ತಿಬಿಟ್ಟಿತು.

ಚೀಲಗಳ ರಾಶಿ ಕುಸಿಯಿತು, ನಾವು ಒಬ್ಬರ ಮೇಲೊಬ್ಬರು ಬಿದ್ದೆವು. ಉಮೇಶಣ್ಣನ ಕೈಯಿಂದ ಹಾರಿದ ಕ್ಯಾಸೆಟ್ ಬಾಲಣ್ಣನ ಕಿವಿಯ ಪಕ್ಕದಿಂದ ಕಿಟಕಿಯಾಚೆ ಹೋಯಿತು. ಬಸ್ಸು ನಿಲ್ಲದೆ ಒಂದಷ್ಟು ದೂರ ಜಾರಿತು. ಟೇಪಿನಿಂದ ಕಿಟಕಿಗೆ, ಕಿಟಕಿಯಿಂದ ಹಿಂದಿನ ರಸ್ತೆಗೆ, ಕಂದು ಬಣ್ಣದ ರೀಲು ಬಿಸಿಲಿನಲ್ಲಿ ಹೊಳೆಯುತ್ತ ನಡುಗುತ್ತಿತ್ತು. ನನಗೆ ಕಂಬಿ ಬಿಡಲು ಆಗಲಿಲ್ಲ, ರೇವತಿ ಬಂದು ಬಿಡಿಸಿದಳು.

“ನನ್ನ ಮೋನು ಹೊರಗೆ ಬಿದ್ದ” ಎಂದು ಐಸಮ್ಮ ಎದ್ದಳು.

ಯಾರೂ ನಗಲಿಲ್ಲ. ಎಲ್ಲರೂ ಇಳಿದೆವು. ಗೇರುಹಣ್ಣಿನ ವಾಸನೆ ಬೀರುತ್ತಿದ್ದ ಬೇಲಿಯ ಮುಳ್ಳಿನಿಂದ ರೀಲನ್ನು ಕೊಡೆಯ ತುದಿಯಲ್ಲಿ ಮೆಲ್ಲನೆ ಬಿಡಿಸಿದವರು ಅದೇ ಮಾಷ್ಟ್ರು. “ಮೆಟ್ಟಬೇಡಿ ಮಕ್ಕಳೇ, ಎಳೆಯಬೇಡಿ” ಎನ್ನುತ್ತ, ಪರೀಕ್ಷೆಯ ಕೋಣೆಯಲ್ಲಿ ನಡೆಯುವಂತೆ ನಡೆದರು. ನಾವು ಒದ್ದೆ ಸೀರೆ ಹಿಡಿಯುವ ಹಾಗೆ ಸಾಲಾಗಿ ನಿಂತು ರೀಲು ಹಿಡಿದೆವು. ರೇವತಿ ಕ್ಯಾಸೆಟ್ಟಿನ ತೂತಿಗೆ ಪೆನ್ಸಿಲ್ ತೂರಿಸಿ ತಿರುಗಿಸುತ್ತ ಒಳಕ್ಕೆ ಸುತ್ತತೊಡಗಿದಳು.

ಟೇಪು ಜಗಿದಿದ್ದ ಒಂದು ತುಂಡು ಮಾತ್ರ ಸುಕ್ಕಾಗಿ ನೂಲಿನಂತಾಗಿತ್ತು. ಅದನ್ನು ಕತ್ತರಿಸಿ ಅಂಟಿಸದೆ ಬೇರೆ ದಾರಿಯಿರಲಿಲ್ಲ. ಹರಿದ ನೋಟು ಅಂಟಿಸಲು ಉಮೇಶಣ್ಣನ ಚೀಲದಲ್ಲಿ ಅಂಟುಪಟ್ಟಿ ಇದ್ದೇ ಇತ್ತು. ಕತ್ತರಿ ಇರಲಿಲ್ಲ. ಐಸಮ್ಮ ಎಲೆಅಡಿಕೆಯ ಸಂಚಿಯಿಂದ ಅಡಕತ್ತರಿ ತೆಗೆದಳು.

“ಕೊಡಿ ಐಸಮ್ಮ, ನಾನು ಕತ್ತರಿಸುತ್ತೇನೆ” ಎಂದ ಬಾಲಣ್ಣ.

“ನೀನು ಬ್ರೇಕ್ ಹಾಕಿದ್ದು ಸಾಕು.”

ಅವಳು ಸುಕ್ಕಾದ ತುಂಡನ್ನು ಬಿಸಿಲಿಗೆ ಎತ್ತಿ ಹಿಡಿದಳು. “ಇದರಲ್ಲಿ ಅವನು ಎಲ್ಲಿದ್ದಾನೆ ಮಾಷ್ಟ್ರೇ?”

ಮಾಷ್ಟ್ರು ಕನ್ನಡಕ ಒರೆಸಿಕೊಂಡು ನೋಡಿದರು. “ಗೊತ್ತಾಗುವುದಿಲ್ಲ ಐಸಮ್ಮ. ಎಲ್ಲ ಒಂದೇ ಬಣ್ಣ.”

ಅವಳು ತುಂಡನ್ನು ಅಡಕತ್ತರಿಯ ಬಾಯಿಗಿಟ್ಟಳು. ಆಮೇಲೆ ಆಚೆಗೊಮ್ಮೆ, ಈಚೆಗೊಮ್ಮೆ ಕತ್ತರಿಸಿದಳು. ರೇವತಿಯ ಕಂಪಾಸು ಡಬ್ಬಿಯ ಮೇಲೆ ಎರಡು ತುದಿಗಳನ್ನು ಜೋಡಿಸಿ ಉಮೇಶಣ್ಣ ಉಸಿರು ಬಿಗಿಹಿಡಿದು ಅಂಟಿಸಿದ.

ಬಸ್ಸಿನೊಳಗೆ ಮತ್ತೆ ಹತ್ತಿ ನಿಂತೆವು. ಖರಖರ. ಹಾಡು ಶುರುವಾಯಿತು. ಒಂದನೇ ಸಾಲು, ಎರಡನೇ ಸಾಲು, ಟಕ್ಕೆಂದು ಒಂದು ಸದ್ದು. ಮೂರನೇ ಸಾಲು ಇಲ್ಲ, ನೇರ ನಾಲ್ಕು. ಆಮೇಲೆ ಎಲ್ಲರೂ ಸುಮ್ಮನಾದರು, ಹಾಡಿನೊಳಗಿನವರೂ, ಬಸ್ಸಿನೊಳಗಿನವರೂ. ‘ಓ...’

“ಇದ್ದಾನೆ” ಎಂದಳು ಐಸಮ್ಮ.

“ಡಬಲ್!” ಎಂದು ಮೊದಲು ಕೂಗಿದವರು ಮಾಷ್ಟ್ರು. ಉಮೇಶಣ್ಣ ಎರಡು ಸಲ ಹಗ್ಗ ಎಳೆದ. ಬಸ್ಸು ಹೊರಟಿತು.

ಶಾಲೆ ತೆರೆದು ಮಳೆ ಹಿಡಿದಾಗ ಹಮೀದ್ ರಜೆಯಲ್ಲಿ ಬಂದ. ತಾಯಿಯ ಜೊತೆ ಬಸ್ಸು ಹತ್ತಿದವನನ್ನು ನಾವೆಲ್ಲ ದೊಡ್ಡ ಗಾಯಕನನ್ನು ನೋಡುವಂತೆ ನೋಡಿದೆವು. ಬಾಲಣ್ಣ ಕ್ಯಾಸೆಟ್ ಹಾಕಿದ. ‘ಓ’ ಬಂದಾಗ ಹಮೀದನ ಕಿವಿ ಕೆಂಪಾಯಿತು.

“ಅದು ನಾನಲ್ಲ” ಎಂದ ಮೆಲ್ಲನೆ. “ಆ ದಿನ ನನಗೆ ಶೀತ. ಸ್ವರವೇ ಬರಲಿಲ್ಲ. ನಾನು ಕೈ ತಟ್ಟಿದ್ದು ಮಾತ್ರ.”

ಉಮೇಶಣ್ಣ ಟಿಕೇಟು ಹರಿಯುವುದನ್ನು ನಿಲ್ಲಿಸಿದ. ಎಲ್ಲರೂ ಐಸಮ್ಮನನ್ನು ನೋಡಿದರು. ಅವಳು ಹಾಡು ಮುಗಿಯುವವರೆಗೆ ತಲೆ ವಾಲಿಸಿ ಕೇಳಿದಳು.

“ತಟ್ಟಿದ್ದು ಚಂದ ಉಂಟಲ್ಲ” ಎಂದು ಪಕ್ಕದವರ ಮೊಣಕೈ ತಿವಿದಳು. “ಕೇಳಿತಾ? ನನ್ನ ಮೋನು!”

ಅಂದಿನಿಂದ ನಾವೂ ಆ ಕ್ಯಾಸೆಟ್ಟಿನಲ್ಲಿ ಚಪ್ಪಾಳೆಯನ್ನೇ ಕೇಳಲು ಕಲಿತೆವು.

ಈಗಲೂ ನಾನು ಅದೇ ದಾರಿಯಲ್ಲಿ ಬಸ್ಸಿನಲ್ಲೇ ಹೋಗುತ್ತೇನೆ, ಸೀಟಿನಲ್ಲಿ ಕುಳಿತು. ಅಕ್ಕಪಕ್ಕದವರ ಕಿವಿಯಲ್ಲೆಲ್ಲ ವಯರು. ಹಾಡು ಕೇಳುವ ಹುಚ್ಚು ನನಗೆ ಕಡಿಮೆಯಾಗಿಲ್ಲ. ವರ್ಷದ ಕೊನೆಗೆ ಫೋನೇ ಲೆಕ್ಕ ಹಾಕಿ, ಈ ವರ್ಷ ನಿನಗೆ ಇಷ್ಟವಾದ ಆಲ್ಬಮ್ಮುಗಳು ಇವು ಎಂದು ತೋರಿಸುತ್ತದೆ. ಕಳೆದ ವರ್ಷದ ಪಟ್ಟಿಯಲ್ಲಿ ಒಂದು ಭಾವಗೀತೆಯ ಆಲ್ಬಮ್, ಒಂದು ಕೊಳಲಿನದ್ದು, ಪಯ್ಯನ್ನೂರಿನ ಕಡೆಯ ಹುಡುಗಿಯರ ಹೊಸ ತಂಡದ್ದೊಂದು ಇದ್ದವು. ಪಟ್ಟಿಯಲ್ಲಿ ತಪ್ಪೇನಿಲ್ಲ. ಆದರೆ “ಸಿಂಗಲ್!” ಎಂದು ಕೂಗಿ ನನ್ನೊಡನೆ ಜಗಳಕ್ಕೆ ಬರುವವರು ಅಲ್ಲಿ ಯಾರೂ ಇಲ್ಲ. ಪಕ್ಕದ ಸೀಟಿನವಳ ವರ್ಷದ ಹಾಡು ಯಾವುದೆಂದು ನನಗೂ ಗೊತ್ತಿಲ್ಲ.

ಪಟ್ಟಿಯ ಮೊದಲಿಗೇ ಇದ್ದದ್ದು ಮಾತ್ರ ಐಸಮ್ಮನ ಕ್ಯಾಸೆಟ್. ಆ ತಂಡದವರೇ ಯಾರೋ ತಮ್ಮಲ್ಲಿದ್ದ ಪ್ರತಿಯನ್ನು ಈಚೆಗೆ ಫೋನಿಗೆ ಏರಿಸಿದ್ದಾರೆ. ಅದರ ಮೊದಲ ಹಾಡಿನಲ್ಲಿ ಮೂರನೇ ಸಾಲು ಇದೆ. ಒಳ್ಳೆಯ ಸಾಲೇ. ಪ್ರತಿ ಸಲವೂ ಅಲ್ಲಿಗೆ ಬಂದಾಗ ಗುರುತಿಲ್ಲದವರು ಯಾರೋ ಬಸ್ಸು ಹತ್ತಿದ ಹಾಗಾಗುತ್ತದೆ.

ಬಾಲಣ್ಣ ತೀರಿಕೊಂಡ. ಮಾಷ್ಟ್ರೂ ಇಲ್ಲ. ಆ ಸಂಜೆ ರಸ್ತೆಯಲ್ಲಿ ರೀಲು ಹಿಡಿದು ನಿಂತವರಲ್ಲಿ ಈಗಲೂ ನನಗೆ ಸಿಗುವವರು ಮಂಜೇಶ್ವರದಲ್ಲಿರುವ ರೇವತಿ, ಸೀತಾಂಗೋಳಿಯಲ್ಲಿ ಅಂಗಡಿ ಇಟ್ಟಿರುವ ಉಮೇಶಣ್ಣ, ಮತ್ತೆ ಐಸಮ್ಮ. ಹೋದ ತಿಂಗಳು ಅವಳ ಮನೆಗೆ ಹೋಗಿದ್ದೆ. ಗಲ್ಫು ಬಿಟ್ಟು ಬಂದಿರುವ ಹಮೀದ್ ಜಗಲಿಯಲ್ಲಿ ಕುಳಿತು ಆ ಹಾಡನ್ನು ಪೂರ್ತಿಯಾಗಿ ಗುನುಗುತ್ತಿದ್ದ. ಒಳಗೆ ಮಲಗಿದ್ದ ಐಸಮ್ಮ ಮೂರನೇ ಸಾಲಿಗೆ ಸರಿಯಾಗಿ ಕೂಗಿ ಹೇಳಿದಳು:

“ಅದೆಲ್ಲ ಇಲ್ಲ ಆ ಹಾಡಿನಲ್ಲಿ. ನೀನು ಸುಮ್ಮನೆ ಕೈ ತಟ್ಟು.”